ಕಿವಿ ಕೇಳದ ಬೆಕ್ಕನ್ನು ಆಡಿಸಿದ್ದು

ಮೊನ್ನೆ ನಿಮ್ಮ ಗೆಳೆಯರು ಮನೆಗೆ ಬಂದಾಗ, ಈ ಬೆಕ್ಕಿಗೆ ಹೆಸರೇನು ಎಂದು ಕೇಳಿದರು. ಮೊಮ್ಮಕ್ಕಳು ನೀವಿಬ್ಬರೂ ನನ್ನ ಮುಖ ನೋಡಿದಿರಿ. ನಾನು ಚಹಾಕ್ಕೆ ಇಡುವ ನೆಪ ಮಾಡಿ ಒಳಗೆ ಹೋದೆ. ಹೊರಗಿನವರ ಎದುರು ನನಗೆ ಬಾಯಿ ಬರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ. ಬರೆಯುವಾಗ ಎದುರಿಗೆ ಯಾರೂ ಇರುವುದಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನಾನು ಓದಿದ್ದು ಸಂಡೂರಿನ ಗುಡ್ಡದ ಬುಡದಲ್ಲಿದ್ದ ಒಂದು ಹಳ್ಳಿಯ ಶಾಲೆಯಲ್ಲಿ, ಏಳನೆಯ ತರಗತಿಯವರೆಗೆ. ತಪ್ಪಿದ್ದಲ್ಲಿ ನೀವೇ ತಿದ್ದಿಕೊಳ್ಳಿ.

ಬೆಕ್ಕಿಗೆ ಹೆಸರಿಡಲಿಲ್ಲ, ಏಕೆಂದರೆ ಕರೆದರೆ ಅದಕ್ಕೆ ಕೇಳುವುದಿಲ್ಲ. ಹುಟ್ಟಿನಿಂದಲೇ ಕಿವುಡು. ಹೆಸರಿಡೋಣ ಎಂದು ನಿಮ್ಮಮ್ಮ ಹೇಳಿದಾಗ ನಿಮ್ಮ ತಾತ, ಹೆಸರು ನಮಗೆ ಬೇಕೋ ಅದಕ್ಕೆ ಬೇಕೋ ಎಂದು ನಕ್ಕಿದ್ದರು. ಅಲ್ಲಿಗೇ ಆ ಮಾತು ನಿಂತಿತು.

ನಿಮ್ಮ ತಾತ ಕಂಪ್ಲಿಯ ಅಕ್ಕಿ ಗಿರಣಿಯೊಂದರಲ್ಲಿ ಮೇಸ್ತ್ರಿಯಾಗಿದ್ದರು. ನಾವು ಕಂಪ್ಲಿಯಲ್ಲೇ ಬಹಳ ಕಾಲ ಇದ್ದೆವು. ನಿಮ್ಮಪ್ಪನಿಗೆ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಮೇಲೆ ಎಲ್ಲರೂ ಹೊಸಪೇಟೆಗೆ ಬಂದು ಮೆಟ್ಟಿಲು ಹತ್ತಿ ಬರುವ ಈ ಮಾಳಿಗೆ ಮನೆ ಹಿಡಿದೆವು. ತಾತ ಮಾತ್ರ ಗಿರಣಿ ಬಿಡಲಿಲ್ಲ. ಬೆಳಗಿನ ಬಸ್ಸಿಗೆ ಬುತ್ತಿ ಹಿಡಿದುಕೊಂಡು ಹೋಗಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದರು. ಹುಬ್ಬಿನ ಮೇಲೆ, ಕಿವಿಯ ಸುರುಳಿಯಲ್ಲಿ ತೌಡು ಕೂತಿರುತ್ತಿತ್ತು. ಎಷ್ಟು ಮುಖ ತೊಳೆದರೂ ದಿಂಬಿಗೆ ಅಕ್ಕಿಯ ವಾಸನೆ ಬರುತ್ತಿತ್ತು.

ಆ ಗಿರಣಿಯಲ್ಲಿ ಇಲಿಗಳಿಗಾಗಿ ಬೆಕ್ಕುಗಳನ್ನು ಬಿಟ್ಟಿದ್ದರು. ಒಂದು ಮಳೆಗಾಲ ಗೋಣಿಚೀಲಗಳ ಒಟ್ಟಿಲ ಹಿಂದೆ ಮರಿಗಳಾದವು. ಅದರಲ್ಲಿ ಇದೊಂದು ಪೂರ್ತಿ ಬಿಳಿ. ಗಿರಣಿಯ ಸದ್ದಿನಲ್ಲಿ ಯಾರಿಗೂ ಏನೂ ಕೇಳುವುದಿಲ್ಲವಾದ್ದರಿಂದ, ಈ ಮರಿಗೂ ಕೇಳುವುದಿಲ್ಲ ಎಂಬುದು ಯಾರಿಗೂ ಗೊತ್ತಾಗಲಿಲ್ಲ. ಒಂದು ದಿನ ಅಂಗಳದಲ್ಲಿ ಭತ್ತದ ಟ್ರ್ಯಾಕ್ಟರ್ ಹಿಂದಕ್ಕೆ ಬರುತ್ತಿದ್ದಾಗ ಉಳಿದ ಮರಿಗಳು ಓಡಿದವು, ಇದು ಮಾತ್ರ ಬಾಲ ನೆಕ್ಕುತ್ತಾ ಕೂತಿತ್ತು. ತಾತ ಅದನ್ನು ಎತ್ತಿ ಬುತ್ತಿ ಚೀಲದಲ್ಲಿ ಹಾಕಿಕೊಂಡು ಮನೆಗೆ ತಂದರು. ಬುತ್ತಿ ಡಬ್ಬಿಯನ್ನು ಕೈಯಲ್ಲಿ ಹಿಡಿದಿದ್ದರು.

ನಮ್ಮ ಮನೆಯ ಮುಂದಿನ ರಸ್ತೆ ನಿಮಗೆ ಗೊತ್ತಲ್ಲ, ಹಗಲೂ ರಾತ್ರಿ ಅದಿರಿನ ಲಾರಿಗಳು. ಕಿವಿ ಇದ್ದ ನಾಯಿಗಳೇ ಅಲ್ಲಿ ಉಳಿಯುವುದಿಲ್ಲ. ಹಾಗಾಗಿ ಬೆಕ್ಕು ಮನೆಯೊಳಗೇ ಇರಬೇಕು ಎಂದು ತಾತ ತೀರ್ಮಾನ ಮಾಡಿದರು. ಕಿಟಕಿಗಳಿಗೆ ಜಾಲರಿ ಬಡಿಸಿದರು. ನಮ್ಮ ಊರುಗಳಲ್ಲಿ ಬೆಕ್ಕನ್ನು ಮನೆಯೊಳಗೆ ಕೂಡಿಹಾಕಿ ಸಾಕಿದವರನ್ನು ನಾನು ಕಂಡಿರಲಿಲ್ಲ. ಬೆಕ್ಕು ಎಂದರೆ ಅಟ್ಟದಿಂದ ಅಟ್ಟಕ್ಕೆ, ಈ ಮನೆಯಿಂದ ಆ ಮನೆಗೆ ತಿರುಗುವ ಜೀವ. ಹೊತ್ತು ಹೊತ್ತಿಗೆ ಹಾಲು ಹಾಕಿ ಕೂರಿಸಿದರೆ ಅದಕ್ಕೆ ಸಾಲುವುದಿಲ್ಲ. ಅದನ್ನು ದಿನಾ ಆಡಿಸಬೇಕು, ಬೇಟೆಗೆ ಹೋಗಿ ಬಂದ ಹಾಗೆ ಅದಕ್ಕೆ ಅನ್ನಿಸಬೇಕು ಎಂದು ತಾತನೇ ಹೇಳಿದರು.

ಅವರು ಆಡಿಸುವುದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಕೈಯಲ್ಲಿ ಸೊಪ್ಪೋ ಅವರೆಕಾಯಿಯೋ ಇರುತ್ತಿತ್ತು, ಬಿಡಿಸುವ ನೆಪ. ಸಂಜೆ ಬಂದವರು ಮೆಟ್ಟಿಲ ತುದಿಯ ಕಡಪ ಕಲ್ಲಿನ ಮೇಲೆ ಹಿಮ್ಮಡಿಯಿಂದ ಎರಡು ಸಲ ಬಡಿಯುತ್ತಿದ್ದರು. ಆ ಕಲ್ಲು ಸಡಿಲ, ಬಾಗಿಲ ಚೌಕಟ್ಟೆಲ್ಲ ಅದುರುತ್ತಿತ್ತು. ಚಪ್ಪಲಿಯ ಧೂಳು ಕೊಡವುತ್ತಿದ್ದಾರೆ ಎಂದೇ ನಾನು ತಿಳಿದಿದ್ದೆ. ಬಾಗಿಲು ತೆಗೆಯುವುದರೊಳಗೆ ಬೆಕ್ಕು ಎಲ್ಲಿದ್ದರೂ ಬಂದು ನಿಂತಿರುತ್ತಿತ್ತು. ಅವರು ಪಡಸಾಲೆಯಲ್ಲಿ ನೆಲಕ್ಕೆ ಕೂತು, ಜೇಬಿನಿಂದ ಚೀಲ ಹೊಲಿಯುವ ಸುತಳಿ ತೆಗೆಯುತ್ತಿದ್ದರು. ಅದರ ತುದಿಗೆ ನಾಲ್ಕು ಭತ್ತದ ತೆನೆ ಕಟ್ಟಿರುತ್ತಿತ್ತು. ತೆನೆಯನ್ನು ಎಂದೂ ಬೆಕ್ಕಿನ ಮುಖದ ಕಡೆ ತರುತ್ತಿರಲಿಲ್ಲ. ದೂರಕ್ಕೆ ಎಳೆಯುತ್ತಿದ್ದರು. ಕುರ್ಚಿಯ ಕಾಲಿನ ಹಿಂದೆ ಮರೆಯಾಗಿಸಿ ಸುಮ್ಮನೆ ಕೂರುತ್ತಿದ್ದರು. ಬೆಕ್ಕು ಹಿಂಗಾಲು ಅಲ್ಲಾಡಿಸುತ್ತಾ ನೆಲಕ್ಕೆ ಒತ್ತಿಕೊಳ್ಳುತ್ತಿತ್ತು. ಆಗ ತೆನೆಯ ತುದಿಯೊಂದು ಚೂರು ಅಲುಗುತ್ತಿತ್ತು, ಅಷ್ಟೇ. ಬೆಕ್ಕು ಹಾರುತ್ತಿತ್ತು.

“ನೋಡಿಲ್ಲಿ, ನೋಡಿಲ್ಲಿ,” ಎಂದು ನನ್ನನ್ನು ಕರೆಯುತ್ತಿದ್ದರು. ನಾನು ನೋಡುತ್ತಲೇ ಇದ್ದೆ ಎಂಬುದು ಅವರಿಗೂ ಗೊತ್ತಿತ್ತು.

ಕೊನೆಗೆ ಯಾವಾಗಲೂ ಬೆಕ್ಕೇ ಗೆಲ್ಲಬೇಕು. ತೆನೆ ಅದರ ಬಾಯಿಗೆ ಸಿಕ್ಕಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು, ಮೊಸರನ್ನದ ತಟ್ಟೆ ಮುಂದಿಡುತ್ತಿದ್ದರು. ಸುತಳಿಯನ್ನು ಸುತ್ತಿ ಕಪಾಟಿನ ಮೇಲೆ ಎತ್ತಿಡುತ್ತಿದ್ದರು. ದಾರ ನುಂಗಿದರೆ ಬೆಕ್ಕಿನ ಕರುಳಿಗೆ ಸುತ್ತಿಕೊಳ್ಳುತ್ತದೆ, ಅದನ್ನು ನೀವು ಮರೆಯಬಾರದು.

ಮಕ್ಕಳೇ, ಗಿರಣಿಯ ಸದ್ದಿಗೆ ತಾತನ ಕಿವಿಯೂ ಮಂದವಾಗಿತ್ತು. ನನ್ನ ಧ್ವನಿಯೋ ಸಣ್ಣದು. ನಾನು ಹೇಳಿದ್ದು ಅವರಿಗೆ ಕೇಳದೆ, ಮತ್ತೆ ಹೇಳಲು ನನಗೆ ನಾಚಿಕೆಯಾಗಿ, ಎಷ್ಟೋ ಮಾತು ಹಾಗೇ ಉಳಿದವು. ಆದರೂ ಮನೆಯಲ್ಲಿ ಮಾತಿಲ್ಲ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಅವರು ಕೈ ಎತ್ತಿದರೆ ನೀರು, ಬೆರಳು ಮಡಚಿದರೆ ಸಾಕು, ಹುಬ್ಬು ಏರಿಸಿದರೆ ಯಾಕೆ ಮಂಕಾಗಿದ್ದೀ ಎಂದು. ಈಗ ಊಟಕ್ಕೆ ಕೂತಾಗ ಎದುರಿನ ಗೋಡೆ ನೋಡುತ್ತೇನೆ. ಗೋಡೆ ಹುಬ್ಬು ಏರಿಸುವುದಿಲ್ಲ.

ಅವರು ಹೋದದ್ದು ಒಂದು ಬೆಳಿಗ್ಗೆ, ಬಸ್ಸಿಗೆ ಹೊರಡುವ ಮುಂಚೆ. ಎದೆ ಹಿಡಿದಂತಾಗಿದೆ ಎಂದು ಕುರ್ಚಿಯಲ್ಲಿ ಕೂತವರು ಏಳಲಿಲ್ಲ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ಮನೆ ತುಂಬ ಜನ ಬಂದರು. ಮರಿಯಮ್ಮನಹಳ್ಳಿಯ ನೆಂಟರು, ಸಂಡೂರಿನ ನನ್ನ ತಮ್ಮಂದಿರು, ಗಿರಣಿಯವರು. ಬೆಕ್ಕು ಅಷ್ಟೂ ದಿನ ಮಂಚದ ಕೆಳಗಿನ ಟ್ರಂಕಿನ ಹಿಂದೆ ಇತ್ತು. ಎಲ್ಲರೂ ಹೋದ ಮೇಲೆ ಹೊರಗೆ ಬಂತು. ಬಂದದ್ದು ನೇರ ಬಾಗಿಲಿಗೆ. ಸಂಜೆಯಾದರೆ ಬಾಗಿಲ ಮುಂದೆ ಕೂತು ಎರಡೂ ಅಂಗೈಗಳನ್ನು ನೆಲಕ್ಕೆ ಚಪ್ಪಟೆಯಾಗಿ ಊರಿ ಇರುತ್ತಿತ್ತು. ಅಂಗೈ ಎಂದೇ ಬರೆಯುತ್ತೇನೆ, ಹಾಗೆ ಕಾಣುತ್ತಿತ್ತು. ನಾನು ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತಿದ್ದರೂ ಆ ಹೊತ್ತಿಗೆ ನನ್ನ ಕಣ್ಣೂ ಬಾಗಿಲಿಗೇ ಹೋಗುತ್ತಿತ್ತು. ಬಸ್ಸು ಬರುವ ಹೊತ್ತು ದಾಟಿ, ಬೀದಿದೀಪ ಹತ್ತಿ, ನೀವು ಓದಲು ಕೂತ ಮೇಲೆ, ನಾನು ಅನ್ನಕ್ಕೆ ಎಸರು ಇಡುತ್ತಿದ್ದೆ. ಬೆಕ್ಕು ಆಗಲೂ ಏಳುತ್ತಿರಲಿಲ್ಲ.

ಆಮೇಲೆ ಅದು ಹೊಟ್ಟೆಯ ಕೂದಲು ನೆಕ್ಕಿ ನೆಕ್ಕಿ ಬೋಳು ಮಾಡಿಕೊಂಡಿತು. ಹಾಲು ಮುಟ್ಟಿದರೂ ಕಕ್ಕುತ್ತಿತ್ತು. ಪಶು ವೈದ್ಯರು ನೋಡಿ ಕಾಯಿಲೆ ಏನೂ ಇಲ್ಲ, ಬೇಸರ ಮಾಡಿಕೊಂಡಿದೆ, ಆಡಿಸಿರಿ ಎಂದು ಹೇಳಿ ಕಳಿಸಿದರು.

ನೀವು ಎಷ್ಟು ಪ್ರಯತ್ನ ಮಾಡಿದಿರಿ ಎಂಬುದು ದೊಡ್ಡವಳಿಗೆ ನೆನಪಿರಬೇಕು. ಮೊಬೈಲಿನಲ್ಲಿ ಆರ್ಡರ್ ಮಾಡಿ ಡಬ್ಬಿಗಟ್ಟಲೆ ಆಟಿಕೆ ತರಿಸಿದಿರಿ. ಗರಿ ಕಟ್ಟಿದ ಕೋಲು ಬಂತು, ಅದಕ್ಕೆ ಗೆಜ್ಜೆ. ಚೀಂವ್ ಚೀಂವ್ ಎನ್ನುವ ಬ್ಯಾಟರಿ ಇಲಿ ಬಂತು. ಒತ್ತಿದರೆ ಹಕ್ಕಿಯ ಹಾಗೆ ಕೂಗುವ ಚೆಂಡು ಬಂತು. ಕಿವುಡು ಬೆಕ್ಕಿಗೆ ಇಷ್ಟು ಸದ್ದಿನ ಸಾಮಾನು ತಂದವರು ಹೊಸಪೇಟೆಯಲ್ಲಿ ನಾವೊಬ್ಬರೇ ಇರಬೇಕು. ನಿಮ್ಮಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಆ ನಗು ಯಾವಾಗ ಅಳುವಾಯಿತೋ ಅವಳಿಗೂ ಗೊತ್ತಾಗಲಿಲ್ಲ. ತಾತ ಹೋದ ಮೇಲೆ ಅವಳು ಅತ್ತದ್ದು ಅವತ್ತೇ ಮೊದಲು.

ಗೋಡೆಯ ಮೇಲೆ ಕೆಂಪು ಚುಕ್ಕೆ ಬೀಳಿಸುವ ಒಂದು ದೀಪವೂ ಇತ್ತು. ಅದಕ್ಕೆ ಮಾತ್ರ ಬೆಕ್ಕು ಎದ್ದಿತು. ಹುಚ್ಚು ಹಿಡಿದ ಹಾಗೆ ಓಡಿತು, ಗೋಡೆ ಕೆರೆಯಿತು. ಹಿಡಿದರೆ ಕೈಯಲ್ಲಿ ಏನೂ ಇಲ್ಲ. ಆಟ ನಿಲ್ಲಿಸಿದ ಮೇಲೂ ಮಧ್ಯಾಹ್ನವೆಲ್ಲ ಆ ಗೋಡೆಯನ್ನೇ ನೋಡುತ್ತಾ ಕೂತಿತ್ತು. ನನಗೆ ನೋಡಲಾಗಲಿಲ್ಲ. ಆ ದೀಪವನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟವಳು ನಾನೇ.

ಎಲ್ಲರೂ ಶಾಲೆಗೆ, ಕೆಲಸಕ್ಕೆ ಹೋದ ಮೇಲೆ ನಾನೂ ಬಾಗಿಲು ಹಾಕಿಕೊಂಡು ಆಡಿಸಲು ನೋಡಿದೆ. ಈ ವಯಸ್ಸಿನಲ್ಲಿ, ಅವರು ಹೋಗಿ ತಿಂಗಳು ಕಳೆದಿಲ್ಲ, ಇವಳು ಬೆಕ್ಕಿನ ಜೊತೆ ಆಡುತ್ತಾಳೆ ಎಂದು ಯಾರಾದರೂ ನೋಡಿಯಾರು ಎಂಬ ಭಯ. ಕಪಾಟಿನ ಮೇಲಿನ ಸುತಳಿ ತೆಗೆದು, ತೆನೆಯನ್ನು ಅವರು ಎಳೆದಂತೆಯೇ ಎಳೆದೆ. ಅವರ ಹಳೆಯ ಟವೆಲ್ಲಿನ ತುಂಡಿನಲ್ಲಿ ತೌಡು ತುಂಬಿ ಸಣ್ಣ ಉಂಡೆ ಹೊಲಿದೆ. ಕೌದಿ ಹೊಲಿದ ಕೈ, ಹೊಲಿಗೆ ಚೆನ್ನಾಗಿಯೇ ಬಂತು. ಬೆಕ್ಕು ಅದನ್ನು ಮೂಸಿ, ಪಕ್ಕಕ್ಕೆ ಹಾಕಿಕೊಂಡು ಮಲಗಿತು. ಆಡಲಿಲ್ಲ. ನಾನು ಹತ್ತಿರ ಹೋದರೆ ಬೆಚ್ಚಿ ಹಾರುತ್ತಿತ್ತು. ಒಂದು ದಿನ ಮೊಣಕೈ ತನಕ ಪರಚಿತು. ಅದಕ್ಕೆ ನಾನು ಬೇಡವಾಗಿದ್ದೇನೆ ಎಂದುಕೊಂಡೆ. ಅವರ ಕೈ ಬೇಕು, ನನ್ನದಲ್ಲ. ಅದರ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನಗೂ ಅದೇ ಕೈ ಬೇಕಿತ್ತು.

ಒಂದು ಸಂಜೆ ಹಾಲಿನವನಿಗೆ ಬಾಗಿಲು ತೆಗೆದಾಗ ಬೆಕ್ಕು ಅವನ ಕಾಲ ಸಂದಿಯಿಂದ ನುಗ್ಗಿ ಮೆಟ್ಟಿಲಿಳಿದು ರಸ್ತೆಗೆ ಹೋಯಿತು. ಬಸ್ಸು ನಿಲ್ಲುವ ಕಡೆಗೇ ಹೋಯಿತು ಎಂದು ಕೆಳಗಿನ ಮನೆಯೊಡತಿ ಹೇಳಿದರು. ಲಾರಿಯೊಂದು ಬ್ರೇಕ್ ಹಾಕಿ, ಹಿಂದಿನ ಲಾರಿಯೂ ಹಾಕಿ, ರಸ್ತೆ ತುಂಬ ಕೆಂಪು ಧೂಳೆದ್ದಿತು. ನಿಮ್ಮಪ್ಪ ಆಗಷ್ಟೇ ಶಿಫ್ಟ್ ಮುಗಿಸಿ ಬರುತ್ತಿದ್ದವನು ಬೈಕು ಬಿಟ್ಟು ಓಡಿ ಹಿಡಿದ. ಲಾರಿಯ ಡ್ರೈವರ್ ಕೆಳಗಿಳಿದು ಬಾಯಿಗೆ ಬಂದಂತೆ ಬೈದ. ನಿಮ್ಮಪ್ಪ ತಲೆ ತಗ್ಗಿಸಿ ನಿಂತಿದ್ದನ್ನು ನಾನು ಜಾಲರಿಯಿಂದ ನೋಡಿದೆ.

ಮೇಲೆ ಬಂದವನು ಬೆಕ್ಕನ್ನು ನೆಲಕ್ಕೆ ಬಿಟ್ಟು ಬಾಗಿಲಿಗೆ ಚಿಲಕ ಹಾಕಿದ. “ಇನ್ನ ಆಗಂಗಿಲ್ಲವ್ವಾ,” ಅಂದ. “ಗಿರಣಿಗೇ ಬಿಟ್ಟು ಬರ್ತೀನಿ. ಅಲ್ಲೇ ಹುಟ್ಟೇತಿ, ಅಲ್ಲೇ ಇರ್ಲಿ.”

ಅಮಾವಾಸ್ಯೆ ದಾಟಲಿ ಎಂದಷ್ಟೇ ನಾನು ಹೇಳಿದೆ. ಬೇಡ ಎನ್ನಬೇಕಿತ್ತು, ನಾಲಿಗೆ ಏಳಲಿಲ್ಲ. ಅವನು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಆದರೆ ಅಂಗಳದಲ್ಲಿ ಟ್ರ್ಯಾಕ್ಟರ್ ಹಿಂದಕ್ಕೆ ಬರುವಾಗ ಎತ್ತಿಕೊಳ್ಳುವವರು ಈಗ ಅಲ್ಲಿ ಇಲ್ಲವಲ್ಲ. ಇನ್ನೊಂದು ಮಾತನ್ನೂ ಬರೆದುಬಿಡುತ್ತೇನೆ. ಸಂಜೆಯ ಹೊತ್ತು ಈ ಮನೆಯಲ್ಲಿ ಅವರಿಗಾಗಿ ಕಾಯುತ್ತಿದ್ದದ್ದು ನಾವಿಬ್ಬರೇ. ನಿಮಗೆಲ್ಲ ಶಾಲೆ, ಡ್ಯೂಟಿ, ನಾಳೆಯ ಕೆಲಸಗಳು ಇದ್ದವು, ಇರಬೇಕಾದದ್ದೇ. ಬೆಕ್ಕೂ ಹೋದರೆ ನಾನೊಬ್ಬಳೇ ಕಾಯಬೇಕಾಗುತ್ತಿತ್ತು.

ಅಮಾವಾಸ್ಯೆ ಕಳೆದ ಮೇಲೆ ನಿಮ್ಮಪ್ಪನ ರಜೆಯ ದಿನ ಹೊರಟೆವು. ಬುಟ್ಟಿ ಹಿಡಿಯಲು ಒಬ್ಬರು ಬೇಕಿತ್ತು, ಹಾಗಾಗಿ ನಾನು. ತರಕಾರಿ ಬುಟ್ಟಿಯ ಮೇಲೆ ಸೀರೆಯ ತುಂಡು ಕಟ್ಟಿ ಮಡಿಲಲ್ಲಿ ಇಟ್ಟುಕೊಂಡು ಬೈಕಿನ ಹಿಂದೆ ಕೂತೆ. ಕಾಲುವೆಯುದ್ದಕ್ಕೂ ಭತ್ತ ಹಣ್ಣಾಗಿ ಬಾಗಿತ್ತು. ಬೆಕ್ಕು ಕೂಗಲಿಲ್ಲ. ಬುಟ್ಟಿಯ ಹೆಣಿಗೆಯಿಂದ ಒಂದು ಉಗುರು ಹೊರಗೆ ಬಂದು ನನ್ನ ಸೀರೆಗೆ ಸಿಕ್ಕಿಕೊಂಡಿತ್ತು. ಕಂಪ್ಲಿ ತಲುಪುವವರೆಗೂ ನಾನು ಅದನ್ನು ಬಿಡಿಸಲಿಲ್ಲ.

ಕಂಪ್ಲಿಯಲ್ಲಿ ಅಷ್ಟು ವರ್ಷ ಇದ್ದರೂ ನಾನು ಗಿರಣಿಯೊಳಗೆ ಕಾಲಿಟ್ಟಿರಲಿಲ್ಲ. ಅವರು ಮರೆತು ಹೋದ ಬುತ್ತಿ ಕೊಡಲು ಹೋದರೂ ಗೇಟಿನ ಹತ್ತಿರ ಕೊಟ್ಟು ತಿರುಗುತ್ತಿದ್ದೆ. ಅಷ್ಟು ಗಂಡಸರ ನಡುವೆ ಹೋಗಲು ಆಗುತ್ತಿರಲಿಲ್ಲ. ಅವತ್ತು ಬುಟ್ಟಿ ಹಿಡಿದುಕೊಂಡು ಒಳಗೆ ಹೋದೆ. ಸದ್ದು ಇರುತ್ತದೆ ಎಂದು ಗೊತ್ತಿತ್ತು. ಗೊತ್ತಿಲ್ಲದ್ದು ನೆಲ. ಚಪ್ಪಲಿ ಬಿಟ್ಟು, ನೆಲಕ್ಕೆ ಹಾಸಿದ ಮರದ ಹಲಗೆಯ ಮೇಲೆ ಕಾಲಿಟ್ಟರೆ ನೆಲವೇ ನಡುಗುತ್ತಿತ್ತು. ಅಂಗಾಲಿನಿಂದ ಹತ್ತಿ ಮೊಣಕಾಲಿಗೆ, ಅಲ್ಲಿಂದ ಹಲ್ಲಿಗೆ ಬರುತ್ತಿತ್ತು. ಅವರು ಇಷ್ಟು ವರ್ಷ ಇದರ ಮೇಲೆ ನಿಂತಿದ್ದರು. ರಾತ್ರಿ ಮಲಗಿದಾಗ ಅವರ ಕಾಲು ತಂತಾನೇ ಅದುರುತ್ತಿದ್ದದ್ದು ಇದಕ್ಕೇ ಇರಬೇಕು ಎನ್ನಿಸಿತು. ಕೇಳೋಣವೆಂದರೆ ಅವರಿಲ್ಲ.

ಹಲಗೆಯ ಮೇಲೆ ಅಕ್ಕಿ ಗುಡಿಸುತ್ತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಪೊರಕೆ ಬಿಟ್ಟು ಬಂದಳು. ತಾತನ ಮಣ್ಣಿಗೆ ಬಂದಿದ್ದವರಲ್ಲಿ ಅವಳೂ ಒಬ್ಬಳು. ಕೈ ಹಿಡಿದುಕೊಂಡಳು, ಏನೋ ಹೇಳಿದಳು, ನನಗೆ ಕೇಳಲಿಲ್ಲ. ಕೂರಿ ಎಂದು ಸನ್ನೆ ಮಾಡಿದಳು. ಹಲಗೆಯ ಇನ್ನೊಂದು ತುದಿಯಲ್ಲಿ ಚೀಲ ಹೊಲಿಯುತ್ತಿದ್ದವನಿಗೆ ಚಹಾ ತರಲು ಹೇಳಬೇಕಿತ್ತು ಅವಳಿಗೆ. ಅವನು ಬೆನ್ನು ಹಾಕಿ ಕೂತಿದ್ದ. ಅವಳು ಕೂಗಲಿಲ್ಲ. ಹಿಮ್ಮಡಿ ಎತ್ತಿ ಹಲಗೆಗೆ ಎರಡು ಸಲ ಬಡಿದಳು. ಅವನು ತಿರುಗಿ ನೋಡಿದ.

ನಾನು ನೋಡುತ್ತಾ ನಿಂತುಬಿಟ್ಟೆ. ಅವಳಿಗೆ ಏನನ್ನಿಸಿತೋ, ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿದಳು. “ಇಲ್ಲಿ ಒದರಿದ್ರ ಯಾರಿಗೂ ಕೇಳಂಗಿಲ್ರೀ ಅಮ್ಮಾ. ಮೇಸ್ತ್ರಿಗಳೂ ಹಿಂಗ ಕರೀತಿದ್ರು ನಮ್ಮನ್ನ.”

ಚಪ್ಪಲಿಯ ಧೂಳಲ್ಲ. ಮೆಟ್ಟಿಲ ತುದಿಯಲ್ಲಿ ಅವರು ಬೆಕ್ಕನ್ನು ಕರೆಯುತ್ತಿದ್ದರು.

ನಿಮ್ಮಪ್ಪ ಬುಟ್ಟಿ ಬಿಚ್ಚಿದ. ಬೆಕ್ಕು ಹೊರಗೆ ಬಂದು ಹಲಗೆಯ ಮೇಲೆ ನಿಂತಿತು. ಅದರ ನಾಲ್ಕೂ ಪಾದಗಳು ಆ ನಡುಕದ ಮೇಲೆ ಕೂತವು. ಬಾಲ ಮೆಲ್ಲಗೆ ಮೇಲಕ್ಕೆ ಎದ್ದಿತು. ತಾತ ಹೋದ ದಿನದಿಂದ ಅದರ ಬಾಲ ಎದ್ದದ್ದನ್ನು ನಾವ್ಯಾರೂ ಕಂಡಿರಲಿಲ್ಲ. ಚೀಲಗಳ ಒಟ್ಟಿಲನ್ನು ಮೂಸಿತು, ಕೆನ್ನೆ ಉಜ್ಜಿತು. ನಿಮ್ಮಪ್ಪ ನನ್ನನ್ನು ನೋಡಿ, ಕಂಡಿಯಾ ಎಂಬಂತೆ ತಲೆಯಾಡಿಸಿದ. ನಾನೂ ತಲೆಯಾಡಿಸಬೇಕಾಯಿತು. ಅದಕ್ಕೆ ಬೇಕಾದದ್ದು ಇಲ್ಲೇ ಇತ್ತು. ಬುಟ್ಟಿಗೆ ಬಟ್ಟೆ ಮಡಚಿ ಹಾಕಿಕೊಳ್ಳಲು ಬಗ್ಗಿದೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಗಿರಣಿ ಒಮ್ಮೆಲೇ ನಿಲ್ಲುವುದನ್ನು ನೀವು ನೋಡಿಲ್ಲ. ಬೆಲ್ಟು ಇನ್ನೂ ಸ್ವಲ್ಪ ಹೊತ್ತು ತಿರುಗಿ, ನಿಧಾನವಾಗಿ, ನಿಲ್ಲುತ್ತದೆ. ಧೂಳು ಮಾತ್ರ ಬಿಸಿಲಿನಲ್ಲಿ ತೇಲುತ್ತಿರುತ್ತದೆ. ಕೆಲಸದವರು ಕೈ ಕೊಡವಿಕೊಂಡು ಮಾತಿಗೆ ಕೂತರು. ಅವರಿಗೆ ಅದು ದಿನದ ಮಾತು. ಬೆಕ್ಕಿನ ಕಾಲ ಕೆಳಗಿನ ನೆಲ ಸತ್ತಿತ್ತು. ಹೊಟ್ಟೆ ನೆಲಕ್ಕೆ ಒತ್ತಿ, ಕಣ್ಣು ಹಿಗ್ಗಿಸಿ, ಚೀಲಗಳ ಸಂದಿಗೆ ನುಸುಳಿಬಿಟ್ಟಿತು. ನಿಮ್ಮಪ್ಪ ಬಗ್ಗಿ ನೋಡಿದ, ಬಾ ಬಾ ಎಂದ. ಚೀಲ ಹೊಲಿಯುವವನು, ಅದಕ್ಕೆ ಕೇಳಂಗಿಲ್ಲೋ ಮಾರಾಯಾ, ನಿನಗ ಗೊತ್ತಿಲ್ಲೇನು ಎಂದು ನಗಾಡಿದ. ಕೋಲು ತರಲೇ ಎಂದ ಇನ್ನೊಬ್ಬ. ಸುಗ್ಗಿ ಮುಗಿದರೆ ಗಿರಣಿ ಎಷ್ಟು ದಿನ ಹೀಗೆ ನಿಂತಿರುತ್ತದೆ ಎಂದು ನನಗೆ ಗೊತ್ತಿತ್ತು. ತಾತ ಆ ದಿನಗಳಲ್ಲಿ ಮನೆಯಲ್ಲಿದ್ದು ಬೇಸರಪಡುತ್ತಿದ್ದರು.

ನಾನು ಹುಟ್ಟಿದ ಮನೆಯಲ್ಲಿ ಹೆಣ್ಣುಮಕ್ಕಳ ಹೆಜ್ಜೆ ಸಪ್ಪಳ ಕೇಳಬಾರದು ಎಂದು ನಮ್ಮಜ್ಜಿ ಕಲಿಸಿದ್ದಳು. ನೆಲ ಬಡಿದು ನಡೆದರೆ ಮೀನಖಂಡಕ್ಕೆ ಪೊರಕೆಯ ಬರಲಿನ ಪೆಟ್ಟು ಬೀಳುತ್ತಿತ್ತು. ಬೆರಳ ತುದಿ ಮೊದಲು ಊರಬೇಕು, ಆಮೇಲೆ ಹಿಮ್ಮಡಿ. ಮದುವೆಯಾದ ಮೇಲೂ ಹಾಗೇ ನಡೆದೆ. ಕಾಲುಂಗುರ ನೆಲಕ್ಕೆ ತಾಗಿ ಟಿಕ್ ಎನ್ನುತ್ತಿತ್ತು, ನನ್ನ ನಡಿಗೆಯ ಸದ್ದು ಎಂದರೆ ಅಷ್ಟೇ. ತಾತ ಹೋದ ದಿನ ಅದನ್ನೂ ತೆಗೆಸಿದ್ದರು. ಕಿವಿಯಿಲ್ಲದ ಜೀವದ ಹತ್ತಿರ ನಾನು ಸಪ್ಪಳವಿಲ್ಲದೆ ಹೋಗಿ ನಿಲ್ಲುತ್ತಿದ್ದೆ. ಪ್ರತಿ ಸಲವೂ ಗಾಳಿಯಿಂದ ಇಳಿದು ಬಂದ ಹಾಗೆ ಅದಕ್ಕೆ ಕಂಡಿರಬೇಕು. ಬೆಚ್ಚದೆ ಏನು ಮಾಡೀತು.

ಇದನ್ನೆಲ್ಲ ಅಲ್ಲಿ ನಿಂತು ಇಷ್ಟು ಸರಿಯಾಗಿ ಯೋಚಿಸಲಿಲ್ಲ. ಬರೆಯುವಾಗ ಹೀಗೆ ಬರುತ್ತಿದೆ. ಅವತ್ತು ಗೊತ್ತಾದದ್ದು ಇಷ್ಟೇ, ಈಗ ಕರೆಯಬೇಕಾದವಳು ನಾನು. ಚೀಲ ಹೊರುವ ಹಮಾಲರು ಕೂತಿದ್ದರು, ಮಾಲೀಕರ ಮಗ ಬಾಗಿಲಲ್ಲಿ ನಿಂತಿದ್ದ. ಸೆರಗು ಬಿಗಿ ಹಿಡಿದುಕೊಂಡು, ಸೀರೆಯ ನಿರಿಗೆ ಸ್ವಲ್ಪ ಎತ್ತಿ, ಹಿಮ್ಮಡಿಯಿಂದ ಹಲಗೆಗೆ ಬಡಿದೆ. ಮೊದಲನೆಯದು ಬಡಿದ ಹಾಗೆಯೇ ಆಗಲಿಲ್ಲ. ಕಾಲಿಗೆ ಅಭ್ಯಾಸವಿಲ್ಲ. ಎಲ್ಲರೂ ನನ್ನತ್ತ ತಿರುಗಿ ನೋಡಿದರು. ಕಿವಿ ಸುಡುತ್ತಿತ್ತು. ಮತ್ತೆ ಬಡಿದೆ, ಅವರು ಬಡಿಯುತ್ತಿದ್ದಂತೆ, ಎರಡು ಸಲ, ನಡುವೆ ಒಂದು ಉಸಿರು ಬಿಟ್ಟು.

ಚೀಲಗಳ ಸಂದಿಯಿಂದ ಬಿಳಿ ಮೂತಿ ಕಾಣಿಸಿತು.

ಅದು ಹೊರಗೆ ಬಂದು ಮೊದಲು ನನ್ನ ಹಿಂದೆ ನೋಡಿತು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ನನ್ನ ಕಾಲಿನ ಹತ್ತಿರ ಬಂದು ಹಿಮ್ಮಡಿಯನ್ನು ಮೂಸಿತು. ಬಹಳ ಹೊತ್ತು ಮೂಸಿತು. ನಾನು ಅಲುಗಾಡದೆ ನಿಂತೆ. ಅದು ಅಲ್ಲೇ, ನನ್ನ ಪಾದದ ಮೇಲೆ ಮುಂಗಾಲು ಇಟ್ಟುಕೊಂಡು ಕೂತಿತು. ಗುಡಿಸುವ ಹೆಂಗಸು ಸೆರಗಿನಿಂದ ಮುಖ ಒರೆಸಿಕೊಂಡು, ಮೇಸ್ತ್ರಿಗಳು ಬಂದ್ರು ಅಂತ ನನ್ನ ಎದಿ ಒಂದು ಸಲ ಧಸಕ್ ಅಂತು ಎಂದು ಪಕ್ಕದವಳಿಗೆ ಹೇಳುತ್ತಿದ್ದಳು.

ನಿಮ್ಮಪ್ಪ ಚಹಾ ಕುಡಿದ. ನನಗೂ ಕುಡಿಸಿದ. ಆಮೇಲೆ ಬುಟ್ಟಿಯನ್ನು ತಾನೇ ಎತ್ತಿಕೊಂಡ.

“ಅದನ್ನ ಎತ್ತಿಕೋ ಅವ್ವಾ. ಹೊತ್ತಾಗತೈತಿ, ಮನಿಗೆ ಹೋಗೋಣ.”

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಬೆಕ್ಕನ್ನು ಒಳಗೆ ಬಿಟ್ಟು, ಕೈಕಾಲು ತೊಳೆದು, ನಾನೊಬ್ಬಳೇ ಮತ್ತೆ ಹೊರಗೆ ಹೋಗಿ ಬಾಗಿಲು ಎಳೆದುಕೊಂಡೆ. ಕಡಪ ಕಲ್ಲಿನ ಮೇಲೆ ನಿಂತೆ. ಗಿರಣಿಯಲ್ಲಿ ಅಷ್ಟು ಜನರ ಮುಂದೆ ಬಡಿದವಳಿಗೆ ಇಲ್ಲಿ ಕಾಲು ಏಳಲಿಲ್ಲ. ಅದು ಅವರ ಜಾಗ. ಅವರು ನಿಂತಲ್ಲಿ ನಿಂತು, ಅವರು ಬಂದ ಸಪ್ಪಳವನ್ನು ನಾನು ಮಾಡಿದರೆ, ಅವರು ಬರುವುದಿಲ್ಲ ಎಂದು ನಾನೇ ಹೇಳಿದ ಹಾಗೆ. ಕೆಳಗೆ ಲಾರಿಗಳು ಹೋಗುತ್ತಿದ್ದವು. ಬಸ್ಸು ಬರುವ ಹೊತ್ತು ಆಗಿತ್ತು. ಅದು ದಾಟಲಿ ಎಂದು ಸ್ವಲ್ಪ ಕಾದೆ.

ಆಮೇಲೆ ಬಡಿದೆ.

ಬಾಗಿಲು ತೆಗೆದರೆ ಬೆಕ್ಕು ನಿಂತಿತ್ತು. ಅದರ ಹಿಂದೆ ನೀವಿಬ್ಬರು. ದೊಡ್ಡವಳ ಕೈಯಲ್ಲಿ ಪುಸ್ತಕ, ಚಿಕ್ಕವನ ಬಾಯಲ್ಲಿ ತುತ್ತು. ಅಡುಗೆಮನೆಯಿಂದ ನಿಮ್ಮಮ್ಮ ಹಿಟ್ಟಿನ ಕೈಯಲ್ಲೇ ಬಂದು ನಿಂತಿದ್ದಳು. ನಾನು ನೆಲಕ್ಕೆ ಕೂತು ಸುತಳಿ ತೆಗೆದೆ. ತೆನೆಯನ್ನು ಎಳೆದು ಕುರ್ಚಿಯ ಕಾಲಿನ ಹಿಂದೆ ಬಚ್ಚಿಟ್ಟು ಸುಮ್ಮನಾದೆ. ಬೆಕ್ಕು ನೆಲಕ್ಕೆ ಒತ್ತಿಕೊಂಡಿತು. ಹಿಂಗಾಲು ಅಲ್ಲಾಡಿಸಿತು. ನಾನು ತೆನೆಯನ್ನು ಒಂದು ಚೂರು ಅಲುಗಿಸಿದೆ.

ಹಾರಿದ ರಭಸಕ್ಕೆ ಕುರ್ಚಿಯೇ ಜರುಗಿತು. ಚಿಕ್ಕವನು ಕಿಲಕಿಲ ನಕ್ಕ. ನಾಲ್ಕೈದು ಸಲ ಆಡಿತು, ಅಷ್ಟಕ್ಕೇ ಸುಸ್ತಾಯಿತು, ಮೈಯಲ್ಲಿ ಶಕ್ತಿ ಇರಲಿಲ್ಲ. ತೆನೆಯನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಲು ಬಿಟ್ಟೆ. ಮೊಸರನ್ನ ಇಟ್ಟೆ. ತಿಂದಿತು.

ಮರುದಿನದಿಂದ ಮನೆಯಲ್ಲಿ ಓಡಾಡುವಾಗಲೂ ಹಿಮ್ಮಡಿ ಊರಿ ನಡೆಯಲು ಶುರು ಮಾಡಿದೆ, ನಾನು ಬರುತ್ತಿದ್ದೇನೆ ಎಂದು ಅದಕ್ಕೆ ತಿಳಿಯಲಿ ಎಂದು. ಮೂರನೆಯ ದಿನ ಕೆಳಗಿನ ಮನೆಯೊಡತಿ ಮೇಲೆ ಬಂದು, ಏನ್ರೀ ಅಕ್ಕಾ, ಮ್ಯಾಲೆ ದಿನಾ ಖಾರ ಕುಟ್ಟಾಕತ್ತೀರೇನು, ನಮಗೂ ಒಂದು ಪಾವು ಕೊಡ್ರಿ ಎಂದು ಛೇಡಿಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರು ಹೋದ ಮೇಲೆ ಮತ್ತೆ ಬೆರಳ ತುದಿಯಲ್ಲಿ ನಡೆದೆ. ಆ ಸಂಜೆ ಕಲ್ಲಿನ ಮೇಲೂ ಮೆಲ್ಲಗೆ ಬಡಿದೆ, ಬಡಿದೆನೋ ಇಲ್ಲವೋ ಎಂಬಷ್ಟು. ಬೆಕ್ಕು ಬರಲಿಲ್ಲ.

ನಿಮ್ಮಮ್ಮ ಬಾಗಿಲು ತೆಗೆದು ನೋಡಿದಳು. ನಾನು ಕತ್ತಲಾಗುತ್ತಿದ್ದ ಮೆಟ್ಟಿಲ ತುದಿಯಲ್ಲಿ ನಿಂತಿದ್ದೆ. ಕೆಳಗಿನವರಿಗೆ ತೊಂದರೆಯಾಗುತ್ತದೆ ಎಂದು ನಾನು ಏನೋ ಗೊಣಗಿದೆ. ಅವಳು ಚೌಕಟ್ಟು ಹಿಡಿದುಕೊಂಡು ಕೆಳಗಿನ ಮನೆಯ ಕಡೆಗೊಮ್ಮೆ ನೋಡಿದಳು.

“ಅವರಿಗೆ ನಾ ಹೇಳ್ತೀನಿ. ನೀವು ಜೋರಾಗಿ ಬಡೀರಿ ಅತ್ತಿ,” ಅಂದಳು. “ಈ ಹೊತ್ತಿಗೆ ಮನಿಗೆ ಯಾರರೆ ಬಂದಂಗ ಆಗತೈತಿ.”

ಬಾಗಿಲು ಹಾಕಿಕೊಂಡು ಒಳಗೆ ಹೋದಳು. ಚೌಕಟ್ಟು ಅದುರುವಂತೆ ಬಡಿದೆ. ಆ ವಾರವೆಲ್ಲ ಹಿಮ್ಮಡಿ ನೋಯುತ್ತಿತ್ತು. ಮಲಗುವ ಮುಂಚೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದೆ. ಬೆಕ್ಕು ಬಂದು ಎಣ್ಣೆಯನ್ನು ನೆಕ್ಕುತ್ತಿತ್ತು, ನಾನು ಕಾಲು ಎಳೆದುಕೊಳ್ಳುತ್ತಿರಲಿಲ್ಲ.